ಇವರ ಬ್ಯಾಂಡ್‌ನಲ್ಲಿ ಹಾಡೋರು ಯಾರೂ ಇಲ್ವಾ?

ಹೋದ ಸಂಚಿಕೆಯಲ್ಲಿ ಒಬ್ಬ ಓದುಗರು ‘ಕೆಲಸ ಮಾಡುವಾಗ ಕೇಳೋಕೆ ಮಾತಿಲ್ಲದ ಸಂಗೀತ ಯಾವುದಿದೆ ಹೇಳಿ’ ಎಂದು ಬರೆದಿದ್ದರು. ನಾನು ವೀಣೆ, ಕೊಳಲು, ಸ್ಯಾಕ್ಸೋಫೋನ್ ಅಂತೆಲ್ಲ ಪಟ್ಟಿ ಕೊಟ್ಟು, ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೆ: ‘ಧೈರ್ಯ ಇದ್ದರೆ ಅನಿಮಲ್ಸ್ ಆ್ಯಸ್ ಲೀಡರ್ಸ್ ಅನ್ನೋ ಅಮೆರಿಕದ ಮೆಟಲ್ ಬ್ಯಾಂಡ್ ಕೇಳಿ.’ ಮೇಲಿನ ಪಟ್ಟಿಯ ಬಗ್ಗೆ ಒಬ್ಬರೂ ಬರೆಯಲಿಲ್ಲ. ಆ ಕೊನೆಯ ಸಾಲಿಗೆ ಮಾತ್ರ ಹೊಗಳಿಕೆ, ಬೈಗುಳ, ಅನುಮಾನ ಎಲ್ಲ ಬಂದಿದೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ. (ಮೆಟಲ್ ಅಂದರೆ ರಾಕ್ ಸಂಗೀತದ ಜೋರಾದ, ಗಡಸು ಕವಲು.)

ನಿಮ್ಮ ಮಾತು ಕೇಳಿ ನನ್ನ ಮಗ ಆ ಬ್ಯಾಂಡನ್ನು ಹಚ್ಚಿಕೊಂಡಿದ್ದಾನೆ. ಬೆಳಿಗ್ಗೆ ಎದ್ದರೆ ಮನೆಯಲ್ಲಿ ಅದೇ ಗುಡುಗು. ಒಂದು ದಿನ ಮುಕ್ಕಾಲು ಗಂಟೆ ಪಕ್ಕದಲ್ಲೇ ಕೂತು ಕಾದೆ, ಹಾಡು ಶುರುವಾಗಲೇ ಇಲ್ಲ. ಇವರ ಬ್ಯಾಂಡ್‌ನಲ್ಲಿ ಹಾಡೋರು ಯಾರೂ ಇಲ್ವಾ?
(ಒಬ್ಬ ತಾಯಿ, ಹಾಸನ)

ಇಲ್ಲ ಅಮ್ಮಾ. ನೀವು ಇನ್ನೂ ಮುಕ್ಕಾಲು ಗಂಟೆ ಕಾದಿದ್ದರೂ ಬರುತ್ತಿರಲಿಲ್ಲ. ಇವರು ಇರೋದೇ ಮೂರು ಜನ. ಟೋಸಿನ್ ಅಬಾಸಿ ಮತ್ತು ಹಾವಿಯೆರ್ ರೇಯಸ್ ಗಿಟಾರ್ ನುಡಿಸುತ್ತಾರೆ, ಮ್ಯಾಟ್ ಗಾರ್ಸ್ಟ್ಕಾ ಡ್ರಮ್ಸ್. ಹಾಡುವವರಿಲ್ಲ, ವೇದಿಕೆಯ ಮೇಲೆ ಬೇಸ್ ಗಿಟಾರ್ ಹಿಡಿದವರೂ ಇಲ್ಲ. ಎಲ್ಲ ಮಾತನ್ನೂ ಗಿಟಾರುಗಳೇ ಆಡಬೇಕು.

ಇದರ ಹಿಂದೆ ಒಂದು ತಮಾಷೆಯ ಕಥೆ ಇದೆ. ಅಬಾಸಿ ಮೊದಲು ರಿಫ್ಲಕ್ಸ್ ಎಂಬ ಬ್ಯಾಂಡ್‌ನಲ್ಲಿದ್ದ. ಅದರಲ್ಲಿ ಹಾಡುಗಾರ ಇದ್ದ, ಅವನ ಹೆಸರು ಆ್ಯಶ್ ಆವಿಲ್ಡ್‌ಸನ್. 2004ರಲ್ಲಿ ಅವರದೊಂದು ಆಲ್ಬಂ ಬಂತು. ಅಬಾಸಿಯ ಕೈಚಳಕ ನೋಡಿದ ಪ್ರಾಸ್ಥೆಟಿಕ್ ರೆಕಾರ್ಡ್ಸ್ ಕಂಪನಿಯವರು ‘ನೀನೊಬ್ಬನೇ ಒಂದು ಆಲ್ಬಂ ಮಾಡು’ ಎಂದರು. ಅವನು ಒಪ್ಪಲಿಲ್ಲ. ಒಬ್ಬನೇ ಆಲ್ಬಂ ಮಾಡೋದು ಜಂಬದ ಕೆಲಸ, ಅದರ ಅಗತ್ಯವೂ ಇಲ್ಲ ಅಂತ ಅವನ ಲೆಕ್ಕ. ಆಮೇಲೆ ಬ್ಯಾಂಡ್ ಮುರಿದುಬಿತ್ತು. ಅವನು ಅಟ್ಲಾಂಟಾದ ಸಂಗೀತ ಶಾಲೆಯೊಂದಕ್ಕೆ ಸೇರಿ ಒಂದು ವರ್ಷ ಗಿಟಾರ್ ಓದಿಕೊಂಡು ಬಂದ, ಬಂದವನೇ ಆ ಕಂಪನಿಗೆ ‘ಸರಿ, ಮಾಡೋಣ’ ಎಂದ. ಈ ನಡುವೆ ಆ ಹಳೆಯ ಹಾಡುಗಾರ ಸುಮೇರಿಯನ್ ರೆಕಾರ್ಡ್ಸ್ ಎಂಬ ತನ್ನದೇ ಕಂಪನಿ ಕಟ್ಟಿದ್ದ. ಮುಂದೆ 2014ರಲ್ಲಿ ಈ ಹಾಡುಗಾರನಿಲ್ಲದ ಬ್ಯಾಂಡಿನ ಆಲ್ಬಂ ಹೊರತಂದಿದ್ದು ಅದೇ ಕಂಪನಿ!

ಮಗನನ್ನು ಬೈಬೇಡಿ. ಒಂದು ಹೆಡ್‌ಫೋನ್ ಕೊಡಿಸಿ.

ಸರ್, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಯಾವ ಆಲ್ಬಂನಿಂದ ಶುರು ಮಾಡಬೇಕು? ಗೆಳೆಯರು ಮೊದಲನೇದು ಕೇಳು ಅಂತಾರೆ. ಕೇಳಿದೆ, ತಲೆ ಕೆಟ್ಟು ಗೊಬ್ಬರ ಆಯ್ತು.
(ವಿದ್ಯಾರ್ಥಿ, ದಾವಣಗೆರೆ)

ಗೆಳೆಯರು ಕಷ್ಟದ ದಾರಿ ತೋರಿಸಿದ್ದಾರೆ. ಈಜು ಕಲಿಯೋನನ್ನು ನೇರ ನಡುಬಾವಿಗೆ ತಳ್ಳಿದ ಹಾಗೆ.

ಇವರ ದೊಡ್ಡ ಆಲ್ಬಂಗಳು ಐದು. 2009ರಲ್ಲಿ ಬ್ಯಾಂಡಿನ ಹೆಸರಿನದೇ ಒಂದು, 2011ರಲ್ಲಿ ‘ವೆಯ್ಟ್‌ಲೆಸ್’, 2014ರಲ್ಲಿ ‘ದ ಜಾಯ್ ಆಫ್ ಮೋಶನ್’, 2016ರಲ್ಲಿ ‘ದ ಮ್ಯಾಡ್‌ನೆಸ್ ಆಫ್ ಮೆನಿ’, ಆಮೇಲೆ ಐದು ವರ್ಷಕ್ಕೂ ಜಾಸ್ತಿ ಕಾಯಿಸಿ 2022ರ ಮಾರ್ಚ್‌ನಲ್ಲಿ ‘ಪರೇಸಿಯಾ’. ನೀವು ನಡುವಿನದರಿಂದ, ಅಂದರೆ 2014ರಿಂದ ಶುರು ಮಾಡಿ. ಅದರಲ್ಲೂ ಮೊದಲ ಟ್ರ್ಯಾಕಿನಿಂದ ಬೇಡ. ‘ಅನದರ್ ಇಯರ್’ ಹಾಕಿ. ಅದರಲ್ಲಿ ಮೆಟಲ್ ಎಷ್ಟಿದೆ ಅಂತ ಹುಡುಕಬೇಕು, ಅಷ್ಟು ಮೆತ್ತಗಿದೆ. ಜಾಜ್ ಗೊತ್ತಿರುವವರಿಗೆ ಕೂಡಲೇ ಹಿಡಿಸುತ್ತದೆ. ಆಮೇಲೆ ‘ಫಿಸಿಕಲ್ ಎಜುಕೇಶನ್’. ಹೆಸರೇ ಪಿಟಿ ಪಿರಿಯಡ್! ಕಾಲು ತಾನಾಗಿ ಕುಣಿಯುತ್ತದೆ. ಆಮೇಲೆ ‘ಪಾರಾ ಮೆಷೆರ್’, ಇದು ನೈಲಾನ್ ತಂತಿಯ ಗಿಟಾರ್‌ನಲ್ಲಿ ನುಡಿಸಿದ್ದು. ಈ ಮೂರೂ ಇಷ್ಟವಾದರೆ ‘ನೆಫೆಲೆ’ ಹಾಕಿ, ಆಗ ಇವರ ಭಾರ ಎಷ್ಟು ಅಂತ ತಿಳಿಯುತ್ತದೆ. ತಲೆ ಕೆಡಲಿಲ್ಲ ಅಂದರೆ ನೀವು ಪಾಸು.

ಈಗ ಆ ಮೊದಲ ಆಲ್ಬಂಗೆ ಬನ್ನಿ. ಅದರ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಅದು ಹುಟ್ಟಿದ ರೀತಿಯೇ ಬೇರೆ. ಬ್ಯಾಂಡ್ ಅಂತ ಕರೆದುಕೊಂಡರೂ ಅಲ್ಲಿ ಬ್ಯಾಂಡ್ ಇರಲಿಲ್ಲ. ಗಿಟಾರ್ ಎಲ್ಲ ಅಬಾಸಿ ಒಬ್ಬನದೇ. ಡ್ರಮ್ಸ್ ಯಾರೂ ಬಾರಿಸಿಲ್ಲ, ಮಿಶಾ ಮನ್ಸೂರ್ ಎಂಬಾತ ಕಂಪ್ಯೂಟರಿನಲ್ಲಿ ಕೂತು ಒಂದೊಂದೇ ಏಟನ್ನು ಜೋಡಿಸಿದ. ಈತ ಪೆರಿಫೆರಿ ಎಂಬ ಇನ್ನೊಂದು ಮೆಟಲ್ ಬ್ಯಾಂಡಿನ ಗಿಟಾರ್ ವಾದಕ, ಮನೆಯಲ್ಲೇ ಕೂತು ರೆಕಾರ್ಡಿಂಗ್ ಮಾಡೋದರಲ್ಲಿ ಪಳಗಿದವನು. ಹಾಗೆ ಇಬ್ಬರು ಹುಡುಗರು ಸೇರಿ ಮಾಡಿದ ಆ ಹನ್ನೆರಡು ಟ್ರ್ಯಾಕು ಆಮೇಲೆ ಎಷ್ಟು ಜನ ಗಿಟಾರ್ ಕಲಿಯೋರ ನಿದ್ದೆ ಕೆಡಿಸಿತು ಅಂತ ಲೆಕ್ಕ ಇಟ್ಟವರಿಲ್ಲ. ‘ಟೆಂಪ್ಟಿಂಗ್ ಟೈಮ್’ ಬಾಗಿಲು ಒದ್ದು ಒಳಗೆ ಬರುತ್ತದೆ. ‘ಆನ್ ಇಂಪಲ್ಸ್’ನಲ್ಲಿ ರಾಗ ಇದೆ, ಗುನುಗಬಹುದು. ‘ಕಾಫೊ’ ಇದೆಯಲ್ಲ, ಅದರ ಹೆಸರು ಪ್ರಾಣಿಗಳನ್ನು ಕಿಕ್ಕಿರಿಸಿ ಕೂಡಿಹಾಕಿ ಮಾಂಸಕ್ಕಾಗಿ ಬೆಳೆಸುವ ಅಮೆರಿಕದ ದೊಡ್ಡ ಫಾರ್ಮುಗಳಿಗೆ ಸರ್ಕಾರಿ ಕಡತದಲ್ಲಿರುವ ಹೆಸರಿನ ಮೊದಲಕ್ಷರಗಳು. ಕೇಳಿದರೆ ಉಸಿರು ಕಟ್ಟಿದ ಹಾಗೆ ಆಗುತ್ತದೆ, ಅದು ಸರಿಯಾಗಿಯೇ ಇದೆ ಅನ್ನಿ. ನಿಮ್ಮ ತಲೆ ಕೆಡಿಸಿದ್ದು ಅದೇ ಇರಬೇಕು.

2011ರ ‘ವೆಯ್ಟ್‌ಲೆಸ್’ ಬಗ್ಗೆ ನನಗೆ ಅಷ್ಟಕ್ಕಷ್ಟೆ. ಆಗ ರೇಯಸ್ ಎರಡನೇ ಗಿಟಾರ್ ಹಿಡಿದು ಬಂದಿದ್ದ, ಡ್ರಮ್ಸ್‌ಗೆ ನವೀನ್ ಕೋಪರ್‌ವೈಸ್ ಬಂದಿದ್ದ. (ನಮ್ಮ ಕಡೆಯ ನವೀನ ಅಲ್ಲ, ಕ್ಯಾಲಿಫೋರ್ನಿಯಾದವನು.) ಅವನಿಗೆ ಎಲೆಕ್ಟ್ರಾನಿಕ್ ಸಂಗೀತದ ಹುಚ್ಚೂ ಇತ್ತು, ಆಲ್ಬಂ ತುಂಬ ಅದರ ಸದ್ದು ಕೇಳುತ್ತದೆ. ‘ಆನ್ ಇನ್ಫಿನಿಟ್ ರಿಗ್ರೆಶನ್’ ಒಂದನ್ನು ಕೇಳಲೇಬೇಕು. ಉಳಿದಿದ್ದರಲ್ಲಿ ಎಲ್ಲವನ್ನೂ ಒಂದೇ ಡಬ್ಬಿಗೆ ಒತ್ತಿ ತುಂಬಿದ ಹಾಗಿದೆ, ಗಾಳಿಯಾಡೋದಿಲ್ಲ. ಮುಂದಿನ ವರ್ಷ ಕೋಪರ್‌ವೈಸ್ ಹೋದ, ಗಾರ್ಸ್ಟ್ಕಾ ಬಂದ. ಅಲ್ಲಿಂದ ಕಥೆ ಬದಲಾಯಿತು. ಈತ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದಿದವನು. ಬಾರಿಸೋದು ಎಷ್ಟು ಗೊತ್ತೋ ಸುಮ್ಮನಿರೋದೂ ಅಷ್ಟೇ ಗೊತ್ತು. 2014ರ ಆಲ್ಬಂ ಅಷ್ಟು ಹಗುರಾಗಿ ನಡೆಯೋದಕ್ಕೆ ಅವನೇ ಕಾರಣ ಅಂತ ನನ್ನ ಅಭಿಪ್ರಾಯ. ಗಿಟಾರ್ ಅಭಿಮಾನಿಗಳು ಒಪ್ಪೋದಿಲ್ಲ, ಬಿಡಿ.

ಉಳಿದ ಎರಡರ ಬಗ್ಗೆ ಕೆಳಗೆ ಹೇಗೂ ಜಗಳ ಬರುತ್ತದೆ, ಅಲ್ಲಿ ನೋಡೋಣ.

ಈ ಹೆಸರಿಗೆ ಅರ್ಥ ಏನು? ಪ್ರಾಣಿಗಳು ನಾಯಕರು ಅಂತಲಾ? ನಮ್ಮ ರಾಜಕಾರಣಿಗಳನ್ನು ನೋಡಿ ಇಟ್ಟಿದ್ದಾ?
(ಓದುಗರು, ಚಿತ್ರದುರ್ಗ)

ಅಷ್ಟು ದೂರದಿಂದ ಅವರಿಗೆ ನಮ್ಮವರು ಕಾಣಿಸಿರಲಿಕ್ಕಿಲ್ಲ. ಡೇನಿಯಲ್ ಕ್ವಿನ್ ಬರೆದ ‘ಇಶ್ಮಾಯಿಲ್’ ಎಂಬ 1992ರ ಕಾದಂಬರಿಯಿಂದ ಹೊಳೆದ ಹೆಸರು. ಅದರಲ್ಲಿ ಒಂದು ಗೊರಿಲ್ಲಾ ಮೇಷ್ಟ್ರು, ಮನುಷ್ಯ ಶಿಷ್ಯ. ಭೂಮಿ ಇರೋದೇ ತನಗಾಗಿ ಅಂದುಕೊಂಡ ಮನುಷ್ಯನಿಗೆ ಗೊರಿಲ್ಲಾ ಪಾಠ ಹೇಳುತ್ತದೆ. ನಾವೂ ಪ್ರಾಣಿಗಳೇ ಅಲ್ವಾ ಅನ್ನೋದು ಹೆಸರಿನ ಒಳಗಿರುವ ಮಾತು. ಮೇಲೆ ಹೇಳಿದ ‘ಕಾಫೊ’ ಮತ್ತು ಅದೇ ಆಲ್ಬಂನ ‘ಮಾಡರ್ನ್ ಮೀಟ್’ ಎರಡನ್ನೂ ಇದರ ಜೊತೆಗಿಟ್ಟು ನೋಡಿ.

ಹಾಡಿನ ಸಾಹಿತ್ಯವೇ ಇಲ್ಲ ಅಂದಮೇಲೆ ಟ್ರ್ಯಾಕುಗಳಿಗೆ ಅಷ್ಟು ಉದ್ದುದ್ದ, ಓದಲಾಗದ ಹೆಸರು ಯಾಕೆ? ನಿಘಂಟು ಹಿಡಿದು ಕೂರಬೇಕಾ?
(ನಿವೃತ್ತ ಶಿಕ್ಷಕರು, ಸಾಗರ)

ಮೇಷ್ಟ್ರೇ, ಹಿಡಿದು ಕೂತರೆ ಮಜಾ ಇದೆ. ಪದ ಇಲ್ಲದವರಿಗೆ ಪದ ಬಳಸಲು ಸಿಗೋದು ಅದೊಂದೇ ಜಾಗ. 2016ರ ಆಲ್ಬಂ ‘ಅರಿತ್ಮೋಫೋಬಿಯಾ’ದಿಂದ ಶುರುವಾಗುತ್ತದೆ, ಅಂದರೆ ಅಂಕಿಗಳ ಭಯ. ಲೆಕ್ಕ ಹಾಕಿ ಹಾಕಿ ನುಡಿಸುವವರು ಇಟ್ಟ ಹೆಸರು! ಮುಗಿಯೋದು ‘ಅಪೈರೋಫೋಬಿಯಾ’ದಲ್ಲಿ, ಕೊನೆಯೇ ಇಲ್ಲದಿರುವುದರ ಭಯ. ನಡುವೆ ಒಂದು ಜರ್ಮನ್ ಹೆಸರಿದೆ: ‘ಬಾಕ್‌ಫೈಫನ್‌ಗೆಜಿಷ್ಟ್’. ಕಪಾಳಮೋಕ್ಷಕ್ಕೆ ಲಾಯಕ್ಕಾದ ಮುಖ ಅಂತ ಅರ್ಥ. ಇಷ್ಟು ಒಳ್ಳೆಯ ಪದ ಕನ್ನಡದಲ್ಲಿ ಒಂದೇ ಉಸಿರಿಗೆ ಇಲ್ಲವಲ್ಲ ಅಂತ ನನಗೆ ಹೊಟ್ಟೆಕಿಚ್ಚು.

2022ರ ಆಲ್ಬಂನ ಹೆಸರು ‘ಪರೇಸಿಯಾ’ ಗ್ರೀಕ್‌ನದು. ಮುಚ್ಚುಮರೆ ಇಲ್ಲದೆ, ಯಾರಿಗೂ ಹೆದರದೆ ಮಾತಾಡೋದು ಅಂತ. ಬಾಯಿಯೇ ಇಲ್ಲದ ಬ್ಯಾಂಡು ಈ ಹೆಸರಿಟ್ಟಿದ್ದು ತಮಾಷೆಗೋ ನಿಜಕ್ಕೋ ನೀವೇ ನೋಡಿ. ಅದರ ನಾಲ್ಕನೇ ಟ್ರ್ಯಾಕಿಗೆ ‘ಗೆಶ್ಟಾಲ್ಟ್‌ತ್ಸೆರ್‌ಫಾಲ್’ ಎಂದು ಮತ್ತೊಂದು ಜರ್ಮನ್ ಹೆಸರು. ಒಂದು ಅಕ್ಷರವನ್ನೋ ಆಕಾರವನ್ನೋ ತುಂಬ ಹೊತ್ತು ದಿಟ್ಟಿಸುತ್ತಿದ್ದರೆ ಅದು ಚೂರುಚೂರಾಗಿ, ಇದು ಏನು ಅಂತಲೇ ಹೊಳೆಯದ ಹಾಗೆ ಆಗುತ್ತದಲ್ಲ, ಅದು. ‘ಬದನೆಕಾಯಿ’ ಅಂತ ಐವತ್ತು ಸಲ ಹೇಳಿ ನೋಡಿ, ನಲವತ್ತನೇ ಸಲಕ್ಕೆ ತರಕಾರಿ ಮಾಯವಾಗಿ ಬರೀ ಸದ್ದು ಉಳಿದಿರುತ್ತದೆ. ಹೆಚ್ಚು ಕಡಿಮೆ ಹಾಗೇ.

ನಾನು ಮೃದಂಗ ಕಲಿಯುತ್ತಿದ್ದೇನೆ. ನೀವು ಹೇಳಿದ ಬ್ಯಾಂಡ್ ಕೇಳುತ್ತ ತಾಳ ಹಾಕಲು ಹೋದೆ, ಎರಡನೇ ಆವರ್ತಕ್ಕೆ ಕೈ ತಪ್ಪಿತು. ಮತ್ತೆ ಹಾಕಿದೆ, ಮತ್ತೆ ತಪ್ಪಿತು. ಇವರಿಗೆ ತಾಳ ಇದೆಯೋ ಇಲ್ಲವೋ? ನಮ್ಮ ಕರ್ನಾಟಕ ಸಂಗೀತದಿಂದ ಕದ್ದಿದ್ದಾರೆ ಅಂತ ನನ್ನ ಅಣ್ಣ ಹೇಳುತ್ತಾನೆ, ನಿಜವಾ?
(ವಿದ್ಯಾರ್ಥಿನಿ, ಮೈಸೂರು)

ಈ ತಿಂಗಳ ಅತಿ ಒಳ್ಳೆಯ ಪ್ರಶ್ನೆ ಇದು. ಮೊದಲು ಅಣ್ಣನಿಗೆ ಹೇಳಿ, ಕದ್ದಿಲ್ಲ. ಇವರ ವಂಶಾವಳಿ ಬೇರೆ. ಸ್ವೀಡನ್ನಿನ ಮೆಶುಗ್ಗಾ ಎಂಬ ಬ್ಯಾಂಡ್ ತೊಂಬತ್ತರ ದಶಕದಿಂದಲೇ ಈ ಲೆಕ್ಕಾಚಾರದ ಮೆಟಲ್ ನುಡಿಸುತ್ತಿತ್ತು. ಅವರ ಗಿಟಾರ್ ಹೊರಡಿಸುವ ‘ಜೆಂಟ್’ ಎಂಬ ಗಡಸು ಸದ್ದೇ ಮುಂದೆ ಒಂದು ಇಡೀ ಪಂಥದ ಹೆಸರಾಯಿತು. ಅಬಾಸಿ, ಮನ್ಸೂರ್ ಎಲ್ಲ ಅದೇ ನೀರು ಕುಡಿದು ಬೆಳೆದವರು. ಅದರ ಮೇಲೆ ಅಬಾಸಿಗೆ ಜಾಜ್ ಸೇರಿತು.

ಆದರೆ ನಿಮ್ಮ ಕಿವಿಗೆ ಗುರುತು ಹತ್ತಿದ್ದು ಸುಳ್ಳಲ್ಲ. ಲೆಕ್ಕ ಲೆಕ್ಕವೇ, ಅದಕ್ಕೆ ಊರು ಯಾವುದಾದರೇನು. ಮೆಶುಗ್ಗಾದವರ ಹಳೆಯ ಉಪಾಯ ಹೀಗೆ. ಡ್ರಮ್ಸ್‌ನವನ ಒಂದು ಕೈ ಸಿಂಬಲ್ ಅನ್ನೋ ಲೋಹದ ತಟ್ಟೆಯ ಮೇಲೆ ನಾಲ್ಕು ನಾಲ್ಕಾಗಿ ನಿಧಾನ ಹೊಡೆಯುತ್ತಿರುತ್ತದೆ, ಅದು ಬದಲಾಗೋದೇ ಇಲ್ಲ. ಅದೇ ಹೊತ್ತಿಗೆ ಗಿಟಾರ್ ಮತ್ತು ಅವನದೇ ಕಾಲು ಬೇರೆ ಅಳತೆಯ ತುಂಡನ್ನು ಮತ್ತೆ ಮತ್ತೆ ನುಡಿಸುತ್ತಿರುತ್ತವೆ. ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಆದಿತಾಳ, ಎಂಟು ಅಕ್ಷರ, ಅಕ್ಷರಕ್ಕೆ ನಾಲ್ಕರಂತೆ ಮೂವತ್ತೆರಡು ಮಾತ್ರೆ. ಅದರ ಮೇಲೆ ‘ತ ದಿ ಗಿ ಣ ತೋಂ’ ಐದರ ತುಂಡು ಆರು ಸಲ ಹೇಳಿ. ಮೂವತ್ತಾಯಿತು, ಎರಡು ಉಳಿಯಿತು. ಆ ಎರಡನ್ನು ಎಲ್ಲೋ ತುಂಬಿಸಿ ಸಮಕ್ಕೆ, ಅಂದರೆ ಆವರ್ತದ ಮೊದಲ ಏಟಿಗೆ, ಬಂದು ಬೀಳಬೇಕು. ನಿಮ್ಮ ಗುರುಗಳು ಮುಕ್ತಾಯ ಕಟ್ಟಿಸುವಾಗ ಇದನ್ನೇ ತಾನೇ ಮಾಡಿಸೋದು? ಒಂದೇ ವ್ಯತ್ಯಾಸ. ನಮ್ಮಲ್ಲಿ ಅದು ಕೊನೆಗೆ ಬರುವ ಊಟದ ಪಾಯಸ, ಇವರಲ್ಲಿ ಊಟವೇ ಅದು.

ಹಾಗಾಗಿ ಗಿಟಾರ್ ಹಿಂದೆ ಹೋಗಬೇಡಿ, ಅದು ದಾರಿ ತಪ್ಪಿಸೋಕೆ ಅಂತಲೇ ಇರೋದು. ಗಾರ್ಸ್ಟ್ಕಾನ ತಟ್ಟೆಯನ್ನು ಹಿಡಿದುಕೊಳ್ಳಿ. ಸಂತೆಯಲ್ಲಿ ಅಮ್ಮನ ಸೆರಗು ಹಿಡಿದ ಮಗುವಿನ ಹಾಗೆ. ಎಲ್ಲ ಟ್ರ್ಯಾಕಿಗೂ ಈ ಉಪಾಯ ನಡೆಯೋದಿಲ್ಲ. ಕೆಲವು ಕಡೆ ತಾಳವೇ ಐದು, ಏಳು ಅಂತ ಬದಲಾಗುತ್ತ ಹೋಗುತ್ತದೆ. ಆಗ ಕೈ ಬಿಟ್ಟು ಸುಮ್ನೆ ಕೇಳಿ. ನಾನೂ ಅಷ್ಟೇ ಮಾಡೋದು.

ಇನ್ನೊಂದು ವ್ಯತ್ಯಾಸವನ್ನು ನೀವೇ ಗಮನಿಸಿರುತ್ತೀರಿ. ತನಿ ಆವರ್ತನದಲ್ಲಿ ಸಭೆಯಲ್ಲಿ ಕೂತವರು ತಾಳ ಹಾಕುತ್ತ ಜೊತೆಗಿರುತ್ತಾರೆ, ಸಮಕ್ಕೆ ಬಂದಾಗ ತಲೆ ಆಡುತ್ತದೆ. ಮೆಟಲ್ ಕಚೇರಿಯಲ್ಲೂ ತಲೆ ಆಡುತ್ತದೆ, ಸ್ವಲ್ಪ ಜಾಸ್ತಿ ಆಡುತ್ತದೆ. ಆದರೆ ಇವರ ಟ್ರ್ಯಾಕುಗಳಿಗೆ ಎಲ್ಲಿ ತಲೆ ಹಾಕಬೇಕು ಅಂತ ಜನ ಅತ್ತಿತ್ತ ನೋಡುತ್ತಾರೆ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಾಗ ನಾನೂ ಆ ಜಾತ್ರೆಯಲ್ಲಿದ್ದೆ. ಅಷ್ಟೂ ಜನ ಒಂದೇ ಏಟಿಗೆ ಒಂದೇ ತಲೆ. ಅದೊಂದು ಸುಖ, ಇದೊಂದು.

ಮೊದಲ ಆಲ್ಬಂನಲ್ಲಿ ಡ್ರಮ್ಸ್ ಯಂತ್ರದ್ದಂತೆ. ಅದು ಮೋಸ ಅಲ್ವಾ?
(ಓದುಗರು, ತುಮಕೂರು)

ಕದ್ದುಮುಚ್ಚಿ ಮಾಡಿದ್ದರೆ ಮೋಸ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಆಮೇಲೆ ಅದನ್ನೇ ಮನುಷ್ಯರು ವೇದಿಕೆಯ ಮೇಲೆ ಕೈಯಾರೆ ಬಾರಿಸಿ ತೋರಿಸಿದರು.

ಎಂಟು ತಂತಿ ಗಿಟಾರ್ ತಗೊಳ್ಳಬೇಕು ಅಂತ ದುಡ್ಡು ಕೂಡಿಸುತ್ತಿದ್ದೇನೆ. ಈಗ ಆರು ತಂತಿಯದು ಒಂದು ವರ್ಷದಿಂದ ನುಡಿಸುತ್ತಿದ್ದೇನೆ. ತಗೊಳ್ಳಲಾ? ಎರಡು ತಂತಿ ಜಾಸ್ತಿ ಇದ್ದರೆ ಏನಾಗುತ್ತೆ?
(ಓದುಗ, ಹುಬ್ಬಳ್ಳಿ)

ತಡಿ ತಮ್ಮಾ, ಅವಸರ ಬೇಡ. ಈ ವಿಷಯದಲ್ಲಿ ನನಗೇ ಪೆಟ್ಟು ಬಿದ್ದಿದೆ.

ಮೊದಲು ಏನಾಗುತ್ತೆ ಅನ್ನೋದು. ನಿನ್ನ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಎಂಟು ತಂತಿಯದರಲ್ಲಿ ಅದರ ಕೆಳಗೆ ಇನ್ನೂ ಎರಡಿರುತ್ತವೆ, ಕೊನೆಯದು ಸುಮಾರು 46ಕ್ಕೆ ಇಳಿಯುತ್ತದೆ. ಅಬಾಸಿ ಅದನ್ನೂ ಕೆಲವು ಸಲ ಸಡಿಲಿಸಿ 41ಕ್ಕೆ ತರುತ್ತಾನೆ. ಬೇಸ್ ಗಿಟಾರಿನ ಕೊನೆಯ ತಂತಿ ಇರೋದೂ ಅಲ್ಲೇ! ಈಗ ಗೊತ್ತಾಯಿತಲ್ಲ, ಬೇಸ್ ನುಡಿಸುವವನಿಲ್ಲದೆ ಇವರು ಹೇಗೆ ವೇದಿಕೆ ಹತ್ತುತ್ತಾರೆ ಅಂತ.

ಆದರೆ ಮಂದ್ರಕ್ಕೆ ಹೋದಷ್ಟೂ ತಂತಿ ಉದ್ದ ಬೇಕು, ಇಲ್ಲದಿದ್ದರೆ ಬಿಗಿ ಸಾಲದು. ಸಾಮಾನ್ಯ ಗಿಟಾರಿನಲ್ಲಿ ಕುದುರೆಯಿಂದ ಮೇಲಿನ ತುದಿಗೆ ಇಪ್ಪತ್ತೈದೂವರೆ ಇಂಚಿನ ಆಸುಪಾಸು ಇರುತ್ತದೆ. ಎಂಟು ತಂತಿಯದಕ್ಕೆ ಇಪ್ಪತ್ತೇಳು ಇಂಚಾದರೂ ಇದ್ದರೆ ಚೆನ್ನ. ಅಬಾಸಿಯ ಹೆಸರಿನಲ್ಲಿ ಐಬನೀಜ್ ಕಂಪನಿ ತಂದ ಟಿಎಎಂ100 ಅಷ್ಟಿತ್ತು. ಆಮೇಲೆ ಅವನು ಅಬಾಸಿ ಕಾನ್ಸೆಪ್ಟ್ಸ್ ಅಂತ ತನ್ನದೇ ಕಂಪನಿ ಮಾಡಿ ‘ಲಾರಾಡಾ’ ಎಂಬ ಗಿಟಾರ್ ತಂದ. ಅದರಲ್ಲಿ ಮೆಟ್ಟಿಲುಗಳು (ಫ್ರೆಟ್) ಬೀಸಣಿಗೆಯ ಕಡ್ಡಿಗಳ ಹಾಗೆ ಓರೆ ಇರುತ್ತವೆ, ಹಾಗಾಗಿ ದಪ್ಪ ತಂತಿ ಉದ್ದ, ಸಣ್ಣ ತಂತಿ ಗಿಡ್ಡ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಅಂಗಡಿಯಲ್ಲಿ ಎಂಟು ತಂತಿಯದು ತಂದೆ. ‘ಉದ್ದ ಎಲ್ಲ ಒಂದೇ ಸಾರ್’ ಅಂದಿದ್ದ ಅಂಗಡಿಯವನು. ಮನೆಗೆ ತಂದು ಶ್ರುತಿ ಮಾಡಿದರೆ ಕೊನೆಯ ತಂತಿ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತಾಡುತ್ತಿತ್ತು. ಮೀಟಿದರೆ ನಾದ ಇಲ್ಲ, ‘ಬಡ್ ಬಡ್’ ಅಂತ ಸದ್ದು. ವಾಪಸ್ ತಗೊಳ್ಳಲಿಲ್ಲ. ಈಗಲೂ ಅಟ್ಟದ ಮೇಲಿದೆ.

ಅಗಲದ ವಿಷಯವೂ ಇದೆ. ಎಂಟು ತಂತಿಯ ಹಿಡಿ ಎಷ್ಟು ಅಗಲ ಅಂದರೆ ಮೊದಲ ವಾರ ಹಲಗೆ ಹಿಡಿದ ಹಾಗಿರುತ್ತದೆ. ಮುಟ್ಟದ ತಂತಿಗಳೂ ಗುಂಯ್‌ಗುಡುತ್ತವೆ, ಅವುಗಳ ಬಾಯಿ ಮುಚ್ಚಿಸೋದೇ ಅರ್ಧ ಕೆಲಸ.

ನಿನಗೆ ನಿಜವಾಗಿ ಬೇಕಿರೋದು ಅಬಾಸಿಯ ಆ ‘ಥಂಪಿಂಗ್’ ಅನ್ನೋ ಕೈಯೇ ಆಗಿದ್ದರೆ ಅದಕ್ಕೆ ಎಂಟು ತಂತಿ ಬೇಡವೇ ಬೇಡ. ಹೆಬ್ಬೆರಳಿನಿಂದ ತಂತಿಗೆ ಕೆಳಮುಖ ಒಂದು ಏಟು, ಅದೇ ಹೆಬ್ಬೆರಳು ಮೇಲೆ ಬರುವಾಗ ಇನ್ನೊಂದು, ತೋರುಬೆರಳಿನಿಂದ ಒಂದು ಎಳೆತ. ವಿಕ್ಟರ್ ವೂಟನ್‌ನಂಥ ಬೇಸ್ ವಾದಕರ ಕೈಯಲ್ಲಿ ಇದು ಮೊದಲೇ ಇತ್ತು, ಅಬಾಸಿ ಗಿಟಾರಿಗೆ ತಂದ. ನಿನ್ನ ಆರು ತಂತಿಯಲ್ಲೇ ಇವತ್ತೇ ಶುರು ಮಾಡು. ನಿಧಾನಕ್ಕೆ, ಒಂದೇ ತಂತಿಯ ಮೇಲೆ. ‘ಆನ್ ಇನ್ಫಿನಿಟ್ ರಿಗ್ರೆಶನ್’ನ ಆರಂಭ ಕೇಳಿಕೊಂಡು ಮಾಡು. ಒಂದು ವರ್ಷ ಆದಮೇಲೂ ಎಂಟೇ ಬೇಕು ಅನ್ನಿಸಿದರೆ ಟೇಪು ಹಿಡಿದುಕೊಂಡು ಅಂಗಡಿಗೆ ಹೋಗು.

ಕ್ಷಮಿಸಿ, ಆದರೆ ಹೇಳಲೇಬೇಕು. ಇದು ಸಂಗೀತ ಅಲ್ಲ, ಸರ್ಕಸ್. ಬೆರಳಿನ ಕಸರತ್ತು. ಭಾವ ಎಲ್ಲಿದೆ? ಒಂದು ಭಾವಗೀತೆಯ ಒಂದು ಸಾಲಿಗೆ ಇವರ ಐದೂ ಆಲ್ಬಂ ಸಮ ಆಗೋದಿಲ್ಲ.
(ಓದುಗರು, ಧಾರವಾಡ)

ಅರ್ಧ ಒಪ್ಪುತ್ತೇನೆ. ಯಾವ ಅರ್ಧ ಅಂತ ಹೇಳುತ್ತೇನೆ, ಕೇಳಿ.

2016ರ ‘ದ ಮ್ಯಾಡ್‌ನೆಸ್ ಆಫ್ ಮೆನಿ’ಯಲ್ಲಿ ನಿಮ್ಮ ಮಾತು ನಿಜ ಅನ್ನಿಸುವ ಜಾಗಗಳಿವೆ. ಆ ಆಲ್ಬಂನ ನಿರ್ಮಾಣವನ್ನು ಹೊರಗಿನ ಯಾರಿಗೂ ಕೊಡದೆ ಮೂವರೇ ಮಾಡಿಕೊಂಡರು. ‘ಇಲ್ಲಿ ಸ್ವಲ್ಪ ಕಡಿಮೆ ಮಾಡ್ರಪ್ಪಾ’ ಅನ್ನೋಕೆ ಮನೆಯಲ್ಲಿ ಹಿರಿಯರಿರಲಿಲ್ಲ ಅಂತ ನನಗನ್ನಿಸುತ್ತದೆ. ‘ಕಾಗ್ನಿಟಿವ್ ಕಂಟಾರ್ಶನ್ಸ್’ ಕೇಳುವಾಗ ನನಗೂ ‘ಆಯ್ತಪ್ಪಾ, ನಿಮಗೆ ಬರುತ್ತೆ, ಒಪ್ಪಿದೆ’ ಅನ್ನಿಸಿದೆ. ಆದರೆ ಅದೇ ಆಲ್ಬಂನಲ್ಲಿ ‘ದ ಬ್ರೇನ್ ಡಾನ್ಸ್’ ಕೂಡ ಇದೆ. ಅದನ್ನು ಕೇಳಿದಮೇಲೂ ಭಾವ ಇಲ್ಲ ಅಂದರೆ ನಾನು ಸುಮ್ಮನಾಗುತ್ತೇನೆ.

2022ರ ‘ಪರೇಸಿಯಾ’ ಹೊತ್ತಿಗೆ ಮಿಶಾ ಮನ್ಸೂರ್ ಮತ್ತೆ ಜೊತೆಗೆ ಕೂತ. ಒಂಬತ್ತೇ ಟ್ರ್ಯಾಕು, ನಲವತ್ತು ನಿಮಿಷದ ಒಳಗೆ ಮುಗಿಯುತ್ತದೆ. ‘ರೆಡ್ ಮಿಸೊ’, ‘ದ ಪ್ರಾಬ್ಲಮ್ ಆಫ್ ಅದರ್ ಮೈಂಡ್ಸ್’ ಇವೆಲ್ಲ ಬಿಗಿಯಾಗಿವೆ. ನುಡಿಸೋದು ಕಷ್ಟದ್ದೇ, ಆದರೆ ಕಷ್ಟ ನಮಗೆ ಕಾಣಿಸೋದಿಲ್ಲ. ಅಡುಗೆಯವರು ಎಷ್ಟು ಗಂಟೆಗೆ ಎದ್ದರು ಅಂತ ಊಟಕ್ಕೆ ಕೂತವರಿಗೆ ಯಾಕೆ?

ಇನ್ನು ಭಾವದ ಮಾತು. ಒಪ್ಪದ ಅರ್ಧ ಇದು. ಭಾವಗೀತೆಯಲ್ಲಿ ಪದ ಮೊದಲು ಬರುತ್ತದೆ. ‘ನೋವು’ ಅಂತ ಕವಿ ಬರೆದಾಗಲೇ ಅರ್ಧ ಕೆಲಸ ಆಗಿಹೋಗಿರುತ್ತದೆ, ಆಮೇಲೆ ರಾಗ ಕೂರುತ್ತದೆ. ಪದವೇ ಇಲ್ಲದಾಗ ಯಾವ ಭಾವ ಅಂತ ಯಾರೂ ಹೇಳಿಕೊಡೋದಿಲ್ಲ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಕೀರ್ತನೆ ನುಡಿಸುವಾಗ ಸಾಹಿತ್ಯ ಗೊತ್ತಿಲ್ಲದವರೂ ಮದುವೆ ಮನೆಯಲ್ಲಿ ಊಟ ಮರೆತು ಕೂತಿದ್ದನ್ನು ನಾನು ನೋಡಿದ್ದೇನೆ. ಅವರಿಗೆ ಯಾವ ಭಾವ ತಾಗಿತು ಅಂತ ಕೇಳಿದರೆ ಹೇಳೋಕೆ ಬರುತ್ತಿರಲಿಲ್ಲ. ‘ಅನದರ್ ಇಯರ್’ ನನಗೆ ಊರು ಬಿಟ್ಟು ಬಂದ ಬಸ್ಸಿನ ಹಾಗೆ ಕೇಳಿಸುತ್ತದೆ. ನನ್ನ ಹೆಂಡತಿಗೆ ಮಳೆಗಾಲದ ಭಾನುವಾರದ ಹಾಗೆ. ಇಬ್ಬರಲ್ಲಿ ಯಾರು ಸರಿ? ಪದ ಇದ್ದಿದ್ದರೆ ಈ ಜಗಳಕ್ಕೇ ಅವಕಾಶ ಇರುತ್ತಿರಲಿಲ್ಲ.

ಸರ್ಕಸ್ ಅಂದಿರಲ್ಲ, ಅದನ್ನು ಬೈಗುಳ ಅಂತ ನಾನು ತಗೊಳ್ಳೋದಿಲ್ಲ. ಸರ್ಕಸ್ ನನಗೆ ಇಷ್ಟ.

ಇದೇ ಥರದ ಬೇರೆ ಬ್ಯಾಂಡುಗಳನ್ನು ಹೇಳಿ. ನಮ್ಮವರು ಯಾರಾದರೂ ಇದ್ದಾರಾ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು, ಇದೇ ಪ್ರಶ್ನೆ ಶಿವಮೊಗ್ಗ, ಮಂಗಳೂರಿನಿಂದಲೂ)

ಹಾಡುವವರಿಲ್ಲದ ಪ್ರೋಗ್ರೆಸಿವ್ ಮೆಟಲ್ (ಲೆಕ್ಕಾಚಾರ ಜಾಸ್ತಿ ಇರುವ ಇಂಥ ಮೆಟಲ್) ಅಂದರೆ ಹಿಂದಿನವರಲ್ಲಿ ಲಿಕ್ವಿಡ್ ಟೆನ್ಶನ್ ಎಕ್ಸ್‌ಪೆರಿಮೆಂಟ್ ಕೇಳಲೇಬೇಕು. ಡ್ರೀಮ್ ಥಿಯೇಟರ್ ಬ್ಯಾಂಡಿನ ಜಾನ್ ಪೆಟ್ರೂಚಿ, ಮೈಕ್ ಪೋರ್ಟ್ನಾಯ್ ಜೊತೆ ಜೋರ್ಡನ್ ರೂಡೆಸ್, ಟೋನಿ ಲೆವಿನ್ ಸೇರಿ ಮಾಡಿದ್ದು. 1998, 1999ರಲ್ಲಿ ಎರಡು ಆಲ್ಬಂ, ಆಮೇಲೆ ಇಪ್ಪತ್ತೆರಡು ವರ್ಷ ಬಿಟ್ಟು 2021ರಲ್ಲಿ ಮೂರನೆಯದು. ಬೆರಳಿನ ವೇಗಕ್ಕಿಂತ ಸದ್ದಿನ ಭಾರ ಇಷ್ಟ ಅನ್ನೋರಿಗೆ ಷಿಕಾಗೋದ ರಷ್ಯನ್ ಸರ್ಕಲ್ಸ್. ಹಿತವಾಗಿರಬೇಕು ಅನ್ನೋರಿಗೆ ಸಿಡ್ನಿಯ ಗಿಟಾರ್ ವಾದಕ ಪ್ಲಿನಿ, ಅವನ 2016ರ ‘ಹ್ಯಾಂಡ್‌ಮೇಡ್ ಸಿಟೀಸ್’ ಭಾನುವಾರ ಬೆಳಿಗ್ಗೆ ಕಾಫಿ ಜೊತೆಗೂ ಆಗುತ್ತದೆ. ರೇಯಸ್‌ನದೇ ಇನ್ನೊಂದು ಯೋಜನೆ ಮೆಸ್ಟೀಸ್, ಲ್ಯಾಟಿನ್ ಲಯದ ಗುಂಗು ಅದರಲ್ಲಿ ಜಾಸ್ತಿ.

ನಮ್ಮವರು ಅಂದರೆ, ಹಾಡು ಇದ್ದರೂ ಪರವಾಗಿಲ್ಲ ಅಂತಾದರೆ, ಬೆಂಗಳೂರಿನ ಪ್ರಾಜೆಕ್ಟ್ ಮಿಶ್ರಂ ಕೇಳಿ. ಕೊಳಲು, ಪಿಟೀಲು, ಕರ್ನಾಟಕ ಸಂಗೀತದ ಹಾಡುಗಾರಿಕೆ ಎಲ್ಲವನ್ನೂ ಈ ಥರದ ಮೆಟಲ್ ಜೊತೆ ಬೆರೆಸುತ್ತಾರೆ. ಹೆಸರಲ್ಲೇ ಏಳು ಇದೆ, ತಾಳದ ಲೆಕ್ಕದಲ್ಲಿ ಮಿಶ್ರ ಅಂದರೆ ಏಳು. ಮೈಸೂರಿನ ಮೃದಂಗದ ವಿದ್ಯಾರ್ಥಿನಿ ಅಣ್ಣನಿಗೆ ಮೊದಲು ಇದನ್ನು ಕೇಳಿಸಬೇಕು, ಕದಿಯೋ ಪ್ರಶ್ನೆಯೇ ಬರೋದಿಲ್ಲ. ಇಷ್ಟು ಗಡಸು ಬೇಡ ಅನ್ನೋರಿಗೆ ಅಗಂ ಇದೆ, ಅವರೂ ಬೆಂಗಳೂರಿನವರೇ, ಮೆಟಲ್‌ಗಿಂತ ರಾಕ್ ಕಡೆಗೆ ವಾಲುತ್ತಾರೆ.

ಹೋದ ಸಲದ ಪ್ರಶ್ನೆ ಕೇಳಿದ್ದು ನಾನೇ. ಕೆಲಸ ಮಾಡುವಾಗ ಕೇಳೋಕೆ ಸಂಗೀತ ಬೇಕು ಅಂದರೆ ಇಂಥದ್ದು ಹೇಳಿಬಿಟ್ಟಿರಿ. ಲೆಡ್ಜರ್ ಬರೆಯುವಾಗ ಹಾಕಿಕೊಂಡಿದ್ದೆ, ಒಂದು ಪುಟ ಪೂರ್ತಿ ತಪ್ಪು ಕೂಡಿಸಿದ್ದೇನೆ. ಜವಾಬ್ದಾರಿ ಯಾರದ್ದು?
(ಲೆಕ್ಕಿಗರು, ಉಡುಪಿ)

‘ಧೈರ್ಯ ಇದ್ದರೆ’ ಅಂತ ಬರೆದಿದ್ದೆ ಸಾರ್. ಆ ಪುಟ ಮತ್ತೆ ಕೂಡಿಸುವಾಗ ‘ಅರಿತ್ಮೋಫೋಬಿಯಾ’ ಮಾತ್ರ ಹಾಕಬೇಡಿ.